ಊರು, ನಾಡು, ತಾಲ್ಲೂಕು: ನಡುವಣ ಹಂತದ ಚರಿತ್ರೆ

ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳ ಪಂಚಾಯಿತಿ ವ್ಯವಸ್ಥೆ ಕರ್ನಾಟಕದಲ್ಲಿ 1993ರ ಅಧಿನಿಯಮದಿಂದ ಜಾರಿಗೆ ಬಂದಿತು. ಈ ಮೂರರಲ್ಲಿ ಜನರಿಗೆ ಅತ್ಯಂತ ಅಪರಿಚಿತವಾಗಿ ಉಳಿದಿರುವುದು ನಡುವಣ ಹಂತ. ತಮ್ಮ ಗ್ರಾಮ ಪಂಚಾಯಿತಿ ಏನು ಮಾಡುತ್ತದೆ, ಏನು ಮಾಡುತ್ತಿಲ್ಲ ಎಂಬುದನ್ನು ಹಳ್ಳಿಯವರು ಖಚಿತವಾಗಿ ಹೇಳಬಲ್ಲರು. ತಾಲ್ಲೂಕು ಪಂಚಾಯಿತಿಯ ಕೆಲಸವೇನೆಂದು ಕೇಳಿದರೆ ಸುಶಿಕ್ಷಿತರೂ ತಡವರಿಸುತ್ತಾರೆ. ಈ ಹಂತವೇ ಬೇಡವೆಂಬ ಮಾತು ಆಡಳಿತ ನಡೆಸುವವರಿಂದಲೇ ಕೇಳಿಬಂದದ್ದುಂಟು. 2016ರಲ್ಲಿ ಚುನಾಯಿತವಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅನಂತರ ವರ್ಷಗಳ ಕಾಲ ಚುನಾವಣೆ ನಡೆಯದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಹಾಗಿದ್ದೂ ದೊಡ್ಡ ಕೂಗೇನೂ ಏಳಲಿಲ್ಲ.

ಇದೇ ನೆಲದ ಶಾಸನಗಳನ್ನು ಓದುವವರಿಗೆ ಇಲ್ಲೊಂದು ವೈಚಿತ್ರ್ಯ ಕಾಣುತ್ತದೆ. ಎಂಟರಿಂದ ಹದಿನಾಲ್ಕನೆಯ ಶತಮಾನದವರೆಗಿನ ಕನ್ನಡ ಶಾಸನಗಳಲ್ಲಿ ಊರಿಗೂ ಅರಸನಿಗೂ ನಡುವೆ ಇದ್ದ ‘ನಾಡು’ ಎಂಬ ಹಂತ ಬಹು ಸಜೀವವಾಗಿದೆ. ಅದು ದಾನ ಕೊಡುತ್ತದೆ, ಸಾಕ್ಷಿಯಾಗಿ ನಿಲ್ಲುತ್ತದೆ, ಧರ್ಮವನ್ನು ಕಾಯುವ ಹೊಣೆ ಹೊರುತ್ತದೆ, ಅರಸನ ಮುಂದೆ ದೂರು ಒಯ್ಯುತ್ತದೆ. ಅಂದು ಬಲವಾಗಿದ್ದ ನಡುವಣ ಹಂತ ಇಂದು ದುರ್ಬಲವಾದುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹಂತಗಳ ಹೆಸರನ್ನಷ್ಟೇ ಹೋಲಿಸಿದರೆ ಸಾಲದು. ಹೊಣೆಗಳು ಹೇಗೆ ಹಂಚಿಕೆಯಾಗಿದ್ದವು ಎಂಬುದನ್ನು ನೋಡಬೇಕು.

ನಾಡು ಎಂಬ ಪದ

‘ನಾಡು’ ಎಂಬುದು ಕನ್ನಡದಲ್ಲಿ ಹಿಗ್ಗುವ, ಕುಗ್ಗುವ ಪದ. ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ವಿಸ್ತಾರವನ್ನು ಕನ್ನಡದ ನಾಡೆಂದು ಗುರುತಿಸುತ್ತದೆ. ಅದೇ ಕಾಲದ ಶಾಸನಗಳಲ್ಲಿ ಕೆಲವೇ ಹತ್ತು ಊರುಗಳ ಗುಂಪೂ ನಾಡೇ. ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರುಸಾಸಿರ, ನೊಳಂಬವಾಡಿ ಮೂವತ್ತಿರ್ಛಾಸಿರ ಎಂಬ ದೊಡ್ಡ ವಿಭಾಗಗಳೂ, ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಮಧ್ಯಮ ವಿಭಾಗಗಳೂ, ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಎಂಬ ಸಣ್ಣ ವಿಭಾಗಗಳೂ ಏಕಕಾಲದಲ್ಲಿ ಕಾಣುತ್ತವೆ. ಈ ಸಂಖ್ಯೆಗಳು ಊರುಗಳ ಎಣಿಕೆಯೋ ಕಂದಾಯದ ಅಳತೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಣ್ಣ ಸಂಖ್ಯೆಗಳು ಊರುಗಳ ಎಣಿಕೆಯಾಗಿರುವುದು ಸಾಧ್ಯ. ತೊಂಬತ್ತಾರು ಸಾವಿರ ಊರುಗಳಿದ್ದವೆಂದು ನಂಬುವುದು ಕಷ್ಟ.

ನಮ್ಮ ಪ್ರಸ್ತುತಕ್ಕೆ ಹೆಚ್ಚು ಮುಖ್ಯವಾದದ್ದು ಬೇರೊಂದು ಸಂಗತಿ. ಶಾಸನಗಳಲ್ಲಿ ‘ನಾಡು’ ಎಂದರೆ ಭೂಪ್ರದೇಶ ಮಾತ್ರವಲ್ಲ, ಆ ಪ್ರದೇಶದ ಜನರ ಕೂಟವೂ ಹೌದು. ನಾಡು ನೆರೆಯಿತು, ನಾಡು ಒಪ್ಪಿತು, ನಾಡು ಬಿಟ್ಟುಕೊಟ್ಟಿತು ಎಂಬ ಅರ್ಥದ ಮಾತುಗಳಲ್ಲಿ ಕರ್ತೃವಾಗಿರುವುದು ಜನಸಮೂಹ. ‘ಊರು’ ಎಂಬ ಪದಕ್ಕೂ ಈ ಎರಡು ಅರ್ಥಗಳಿವೆ. ಇಂದಿಗೂ ‘ಊರು ಸೇರಿದೆ’ ಎನ್ನುತ್ತೇವೆ. ‘ತಾಲ್ಲೂಕು ಸೇರಿದೆ’ ಎಂದು ಯಾರೂ ಹೇಳುವುದಿಲ್ಲ. ಅರಬ್ಬಿ ಮೂಲದ ಈ ಪದ ಕಂದಾಯದ ಆಡಳಿತದ ಮೂಲಕ ನಮ್ಮಲ್ಲಿಗೆ ಬಂದದ್ದು. ಅದು ಮೊದಲಿನಿಂದಲೂ ಒಂದು ಎಲ್ಲೆಯನ್ನೂ ಒಂದು ಕಚೇರಿಯನ್ನೂ ಸೂಚಿಸಿದೆಯೇ ಹೊರತು ಜನರ ಕೂಟವನ್ನಲ್ಲ.

ದಾನಶಾಸನವನ್ನು ಆಡಳಿತದ ಪತ್ರವಾಗಿ ಓದುವುದು

ಅಂದಿನ ಹೊಣೆಗಳ ಹಂಚಿಕೆಯನ್ನು ನೇರವಾಗಿ ವಿವರಿಸುವ ಗ್ರಂಥ ನಮ್ಮಲ್ಲಿಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಒಂದನೆಯ ಪರಾಂತಕ ಚೋಳನ ಕಾಲದ, 919 ಮತ್ತು 921ರ ಶಾಸನಗಳು ಸಭೆಯ ವಾರಿಯಗಳನ್ನು, ಅಂದರೆ ಕೆರೆ, ತೋಟ ಮುಂತಾದವುಗಳ ಮೇಲ್ವಿಚಾರಣೆಯ ಸಮಿತಿಗಳನ್ನು, ಆಯ್ಕೆ ಮಾಡುವ ಕ್ರಮವನ್ನು ವಿವರವಾಗಿ ಹೇಳುತ್ತವೆ. ಅಷ್ಟು ಪ್ರಸಿದ್ಧವಾದ ಆ ಶಾಸನಗಳೂ ಒಂದು ಬ್ರಾಹ್ಮಣ ಊರಿನ ಒಳಗಿನ ವ್ಯವಸ್ಥೆಯನ್ನು ತಿಳಿಸುತ್ತವೆಯೇ ಹೊರತು ಹಂತ ಹಂತಗಳ ನಡುವಣ ಸಂಬಂಧವನ್ನಲ್ಲ. ಕನ್ನಡದಲ್ಲಿ ಅದನ್ನು ತಿಳಿಯಲು ಇರುವ ದಾರಿ ದಾನಶಾಸನಗಳ ಮೂಲಕವೇ ಹೋಗುತ್ತದೆ.

ದಾನಶಾಸನವನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪ್ರಶಸ್ತಿಯ ಭಾಗಕ್ಕಾಗಿ ಓದುತ್ತಾರೆ. ಬಿರುದಾವಳಿ ಮುಗಿದು ಗದ್ದೆ, ಮತ್ತರು, ಗಾಣ, ಸುಂಕಗಳ ಪಟ್ಟಿ ಬಂದೊಡನೆ ಪುಟ ತಿರುಗಿಸುವುದು ರೂಢಿ. ಸ್ಥಳೀಯ ಆಡಳಿತದ ಚರಿತ್ರೆ ಇರುವುದು ಆ ಪಟ್ಟಿಯಲ್ಲಿಯೇ. ತನ್ನದಲ್ಲದ್ದನ್ನು ಯಾರೂ ದಾನ ಕೊಡಲಾರರು. ಆದ್ದರಿಂದ ಒಂದು ಬಸದಿಗೋ ದೇಗುಲಕ್ಕೋ ಯಾರು ಯಾವ ಆದಾಯವನ್ನು ಬಿಟ್ಟುಕೊಟ್ಟರು ಎಂದು ನೋಡಿದರೆ ಆ ಆದಾಯ ಯಾರ ಅಧೀನದಲ್ಲಿತ್ತು ಎಂಬುದು ತಿಳಿಯುತ್ತದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳಂಥ ಸುಂಕಗಳನ್ನು ಬಿಡುವವರು ಸಾಮಾನ್ಯವಾಗಿ ಸುಂಕದ ಅಧಿಕಾರಿಗಳು. ಗಾಣಕ್ಕೆ ಇಷ್ಟು ಎಣ್ಣೆ ಎಂದು ದೀಪಕ್ಕೆ ಕೊಡುವವರು ತೆಲ್ಲಿಗರೈವತ್ತರು. ಹೇರಿಗೆ ಇಷ್ಟು ಎಲೆ, ಅಡಕೆ, ಮೆಣಸು ಎಂದು ಆಯವನ್ನು ನಿಗದಿ ಮಾಡುವವರು ನಗರದ ಸೆಟ್ಟಿಗಳು ಅಥವಾ ಅಯ್ಯಾವೊಳೆಯ ಐನೂರ್ವರು. ಊರ ಗದ್ದೆಯನ್ನು ಅಳೆದುಕೊಡುವಲ್ಲಿ ಗಾವುಂಡುಗಳೂ ಒಕ್ಕಲುಗಳೂ ಇರುತ್ತಾರೆ. ಅಗ್ರಹಾರವಾದರೆ ಮಹಾಜನರು.

ಹೀಗೆ ನೋಡಿದಾಗ ಕಾಣುವ ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುವ ಏಣಿಯದ್ದಲ್ಲ. ಊರು, ನಾಡುಗಳು ಒಂದರ ಮೇಲೊಂದು ಇದ್ದವು. ನಗರ ಮತ್ತು ಮಹಾಜನ ಎಂಬ ಸಂಸ್ಥೆಗಳಾದರೋ ಆ ಸಾಲಿನ ಪಕ್ಕದಲ್ಲಿ, ತಮ್ಮ ಕೆಲಸದ ಮಟ್ಟಿಗೆ ಸ್ವತಂತ್ರವಾಗಿ ಇದ್ದವು. ಎಂಟನೆಯ ಶತಮಾನದ ಮೊದಲ ಭಾಗಕ್ಕೆ ಸೇರಿದ ಲಕ್ಷ್ಮೇಶ್ವರದ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಪುಲಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ ಅದು. ರಾಜಪುರುಷರು ಏನನ್ನು ಕಾಯಬೇಕು, ಊರವರು ಏನನ್ನು ತೆರಬೇಕು ಎಂಬ ಎರಡನ್ನೂ ಅದು ಹೇಳುತ್ತದೆ. ತೆರಿಗೆಯನ್ನು ಮನೆಯ ಸ್ಥಿತಿಗತಿಗೆ ತಕ್ಕಂತೆ ಮೇಲು, ನಡು, ಕೆಳಗು ಎಂದು ಭಿನ್ನವಾಗಿ ಗೊತ್ತುಪಡಿಸುತ್ತದೆ. ಹೊಣೆ ಮತ್ತು ತೆರಿಗೆ ಒಂದೇ ಕಲ್ಲಿನ ಮೇಲೆ, ಒಂದೇ ಒಡಂಬಡಿಕೆಯ ಎರಡು ಭಾಗಗಳಾಗಿ ಬಂದಿರುವುದನ್ನು ಗಮನಿಸಬೇಕು.

ಶ್ರವಣಬೆಳಗೊಳದ ನಗರ ಜಿನಾಲಯದ ಹೆಸರೇ ಇನ್ನೊಂದು ಸಾಕ್ಷಿ. ನಯಕೀರ್ತಿ ಸಿದ್ಧಾಂತಚಕ್ರವರ್ತಿಯ ಶಿಷ್ಯನಾದ ನಾಗದೇವನೆಂಬ ಪಟ್ಟಣಸ್ವಾಮಿ ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಕೊನೆಯಲ್ಲಿ, ಅದನ್ನು ಕಟ್ಟಿಸಿದನು. ಕಟ್ಟಿಸಿದವನು ಒಬ್ಬ ಅಧಿಕಾರಿಯಾದರೂ ಬಸದಿಗೆ ಅಂಟಿದ ಹೆಸರು ಅದನ್ನು ನೋಡಿಕೊಂಡ ವರ್ತಕರ ಕೂಟದ್ದು, ಅಂದರೆ ನಗರದ್ದು.

ನಾಳ್ಗಾವುಂಡಿ ಜಕ್ಕಿಯಬ್ಬೆ

ನಾಡಿನ ಹಂತದಲ್ಲಿ ಅಧಿಕಾರ ಹೇಗಿತ್ತೆಂಬುದಕ್ಕೆ ಜೈನ ಚರಿತ್ರೆಯಲ್ಲಿ ಒಂದು ಅಪೂರ್ವವಾದ ಆಧಾರವಿದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಹತ್ತನೆಯ ಶತಮಾನದ ಮೊದಲ ಭಾಗದ್ದು. ರಾಷ್ಟ್ರಕೂಟ ಕನ್ನರದೇವನ ಆಳ್ವಿಕೆಯಲ್ಲಿ ಬನವಾಸಿ ಪನ್ನಿರ್ಛಾಸಿರವನ್ನು ಮಹಾಸಾಮಂತ ಕಲಿವಿಟ್ಟರಸನು ಆಳುತ್ತಿದ್ದನು. ಅದರೊಳಗಿನ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ನಾಡನ್ನು ಸಮರ್ಥವಾಗಿ ನಡೆಸಿದಳೆಂದು ಶಾಸನ ಹೊಗಳುತ್ತದೆ. ವ್ಯಾಧಿ ಬಂದು ದೇಹ ನಿಲ್ಲದೆಂದು ತಿಳಿದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ಮುಡಿಪಿದಳು.

ಈ ಶಾಸನವನ್ನು ಸ್ತ್ರೀಯರ ಸ್ಥಾನಮಾನದ ನಿದರ್ಶನವಾಗಿ ಅನೇಕರು ಉಲ್ಲೇಖಿಸಿದ್ದಾರೆ. ಸಲ್ಲೇಖನದ ಚರಿತ್ರೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಆಡಳಿತದ ದೃಷ್ಟಿಯಿಂದ ಅದರಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಅರಸ, ಮಹಾಸಾಮಂತ, ನಾಳ್ಗಾವುಂಡ ಎಂಬ ಹಂತಗಳು ಸ್ಪಷ್ಟವಾಗಿ ಬೇರೆ ಬೇರೆಯಾಗಿವೆ. ಎರಡು, ವ್ರತ ಹಿಡಿಯುವ ಮುನ್ನ ಹೊಣೆಯನ್ನು ಒಪ್ಪಿಸುವುದು ಅಗತ್ಯವೆಂಬ ಭಾವನೆ ಅಲ್ಲಿದೆ. ನಾಡಿನ ಪದವಿ ಬರಿಯ ಮನ್ನಣೆಯಾಗಿದ್ದರೆ ಅದನ್ನು ಬರವಣಿಗೆಯಲ್ಲಿ ದಾಖಲಿಸುವಷ್ಟು ಮಹತ್ವ ಬರುತ್ತಿರಲಿಲ್ಲ. ಆ ಪದವಿಯಲ್ಲಿದ್ದವರಿಗೆ ಒಂದು ದಿನವೂ ಬಿಡುವಂತಿಲ್ಲದ ಕೆಲಸವಿತ್ತು ಎಂದು ಊಹಿಸಲು ಇದು ಎಡೆಕೊಡುತ್ತದೆ.

ಆ ಕೆಲಸ ಎಂಥದ್ದೆಂಬುದನ್ನು ಮಲೆನಾಡಿನ ವೀರಗಲ್ಲುಗಳು ಹೇಳುತ್ತವೆ. ತುರುಗೊಳ್, ಪೆಣ್ಬುಯ್ಯಲ್, ಊರಳಿವು ಎಂಬ ಪದಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋದ ಗುಂಪನ್ನು ಬೆನ್ನಟ್ಟಿ ಸತ್ತವನು ಊರ ಮಗ. ದನಗಳು ಒಂದು ಊರಿನ ಎಲ್ಲೆಯನ್ನು ದಾಟಿ ಇನ್ನೊಂದಕ್ಕೆ ಹೋದಾಗ ಒಂದೂರಿನ ಶಕ್ತಿ ಸಾಲದು. ಗಡಿ, ಹಾದಿ, ಹಲವು ಊರುಗಳ ಗದ್ದೆಗೆ ನೀರುಣಿಸುವ ಕೆರೆ, ಇವೆಲ್ಲ ಒಂದೂರಿನ ಕೈಗೆ ಮೀರಿದವು. ಅರಸನಾದರೋ ದೂರದಲ್ಲಿದ್ದಾನೆ. ನಾಡಿನ ಹಂತ ಹುಟ್ಟಿದ್ದು ಈ ನಡುವಣ ಅಗತ್ಯದಿಂದ.

1368ರ ಒಡಂಬಡಿಕೆ

ಹೊಣೆಗಳು ಹಂತಗಳ ನಡುವೆ ಹಂಚಿಕೆಯಾಗುವ ಬಗೆಯನ್ನು ಪೂರ್ಣವಾಗಿ ಕಾಣಬೇಕಾದರೆ ಶ್ರವಣಬೆಳಗೊಳದ ಬುಕ್ಕರಾಯನ ಶಾಸನಕ್ಕೆ ಬರಬೇಕು. ಶಕ 1290, ಅಂದರೆ ಕ್ರಿ.ಶ. 1368ರ ಈ ಶಾಸನ ಧಾರ್ಮಿಕ ಸಾಮರಸ್ಯದ ದಾಖಲೆಯೆಂದು ಪ್ರಸಿದ್ಧವಾಗಿದೆ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಜಗಳವಾದಾಗ ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಮೊದಲಿನಂತೆ ಸಲ್ಲಬೇಕೆಂದನು. ಪಠ್ಯಪುಸ್ತಕಗಳ ವಿವರಣೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ.

ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ಅದನ್ನು ಹೊಣೆಗಳ ಪಟ್ಟಿಯಾಗಿ ಓದಿದರೆ ಪ್ರತಿಯೊಂದು ಹಂತವೂ ತನ್ನ ಕೆಲಸದೊಡನೆ ನಿಂತಿದೆ. ದೂರು ಒಯ್ದವರು ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳನ್ನು ಒಳಗೊಂಡ ಸಮಸ್ತ ನಾಡಿನ ಭವ್ಯಜನರು. ತೀರ್ಪು ಅರಸನದು. ಅದನ್ನು ಪಾಲಿಸುವ ಹೊಣೆ ಹದಿನೆಂಟು ನಾಡಿನ ಶ್ರೀವೈಷ್ಣವರದು. ನಾಡಿನ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಿಸಬೇಕಾದವರೂ ಅವರೇ. ವೆಚ್ಚಕ್ಕೆ ಹಣ ಬರುವುದು ಜೈನರ ಮನೆಗಳಿಂದ: ವರ್ಷಕ್ಕೆ ಬಾಗಿಲಿಗೆ ಒಂದು ಹಣ. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಮೀರಿದವನು ಅರಸನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಕೆಡಿಸಿದವನು ತಪಸ್ವಿಯಾಗಲಿ ಗ್ರಾಮಣಿಯಾಗಲಿ ಪಾಪಕ್ಕೆ ಗುರಿಯಾಗುತ್ತಾನೆಂಬ ಶಾಪವಾಕ್ಯದಲ್ಲಿ ಊರ ಮುಖಂಡನೂ ಸೇರಿಕೊಂಡಿದ್ದಾನೆ.

ಕೆಲಸ, ಕೆಲಸ ಮಾಡುವವನು, ಹಣದ ಮೂಲ, ಹಣದ ಪ್ರಮಾಣ, ಎತ್ತುವವನು, ಉಳಿದದ್ದರ ವಿನಿಯೋಗ, ಮೀರಿದರೆ ಉತ್ತರಿಸಬೇಕಾದ ಕಡೆ, ಇವಿಷ್ಟೂ ಕೆಲವೇ ಸಾಲುಗಳಲ್ಲಿವೆ. ಜೈನರ ಹಣವನ್ನು ಎತ್ತುವ ಹೊಣೆಯನ್ನು ಪ್ರತಿಪಕ್ಷದವರಾದ ವೈಷ್ಣವರಿಗೇ ವಹಿಸಿರುವುದು ವಿಶೇಷ. ಕಾವಲಿನ ಹೊಣೆ ಹೊತ್ತವರು ಹಗೆತನ ಬೆಳೆಸುವುದು ಕಷ್ಟವೆಂಬ ವಿವೇಕ ಇದರಲ್ಲಿದೆ. ಇದೇ ಶಾಸನದ ಕೊನೆಯಲ್ಲಿ ಕಲ್ಲೆಹದ ಬುಸುವಿಸೆಟ್ಟಿ ಎಂಬ ವರ್ತಕನು ಅರಸನಲ್ಲಿ ಬಿನ್ನವಿಸಿ, ತಾತಯ್ಯನನ್ನು ಕರೆಯಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ ಸಂಗತಿ ಇದೆ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಒಡಂಬಡಿಕೆ ತನ್ನಷ್ಟಕ್ಕೆ ತಾನೇ ಬಾಳುವುದಿಲ್ಲ, ಅದನ್ನು ಬೆನ್ನು ಹತ್ತುವವರು ಬೇಕು ಎಂಬುದು ಅಂದಿನವರಿಗೂ ತಿಳಿದಿತ್ತು.

ಕೂಟ ಹೋಗಿ ಅಧಿಕಾರಿ ಉಳಿದದ್ದು

ನಾಡಿನ ಹಂತದ ಕುರುಹುಗಳು ಇಂದು ಉಳಿದಿರುವುದು ಹೆಚ್ಚಾಗಿ ಮನೆತನದ ಹೆಸರುಗಳಲ್ಲಿ. ಊರಿಗೆ ಗೌಡ, ಶಾನುಭೋಗ. ನಾಡಿಗೆ ನಾಡಗೌಡ, ನಾಡಿಗ. ಶಾಸನಗಳ ಸೇನಬೋವನೇ ಶಾನುಭೋಗನಾದನು, ಪೆರ್ಗಡೆಯೇ ಹೆಗ್ಗಡೆಯಾದನು. ಉತ್ತರದಲ್ಲಿ ದೇಸಾಯಿ, ದೇಶಪಾಂಡೆ ಎಂಬ ಹೆಸರುಗಳು ಇದೇ ನಡುವಣ ಹಂತದ ಮುಖಂಡನನ್ನೂ ಲೆಕ್ಕಿಗನನ್ನೂ ಸೂಚಿಸುತ್ತವೆ. ಕೆಂಪೇಗೌಡನನ್ನು ನಾವು ನೆನೆಯುವುದು ನಾಡಪ್ರಭುವೆಂದೇ. ಕೊಡಗಿನಲ್ಲಿ ಮಾತ್ರ ಊರ್ ತಕ್ಕ, ನಾಡ್ ತಕ್ಕ, ದೇಶ ತಕ್ಕ ಎಂಬ ಸಾಲು ಹಬ್ಬ ಮತ್ತು ಕಟ್ಟಳೆಗಳ ಮಟ್ಟಿಗೆ ಬಹುಕಾಲ ಉಳಿದು ಬಂದಿತು.

ವಿಜಯನಗರೋತ್ತರ ಕಾಲದಲ್ಲಿ ಆದ ಮುಖ್ಯ ಬದಲಾವಣೆ ಇದು: ನಾಡಿನ ಕೂಟ ಕ್ರಮೇಣ ಮರೆಯಾಗಿ ನಾಡಿನ ಅಧಿಕಾರಿ ಉಳಿದನು. ಅವನು ಮೇಲಿನವರಿಗಾಗಿ ಕಂದಾಯ ಎತ್ತುವವನಾದನೇ ಹೊರತು ಕೆಳಗಿನವರ ಪರವಾಗಿ ಮಾತಾಡುವವನಾಗಿ ಉಳಿಯಲಿಲ್ಲ. ಮೈಸೂರು ಸಂಸ್ಥಾನದ ತಾಲ್ಲೂಕು ಈ ಪರಂಪರೆಯ ಮುಂದುವರಿಕೆ. ಅದರ ಮುಖ ಅಮಲ್ದಾರನ ಕಚೇರಿ.

ಈ ಕಚೇರಿಯ ಎಲ್ಲೆಯೊಳಗೆ ಪ್ರಾತಿನಿಧಿಕ ಸಂಸ್ಥೆಯೊಂದನ್ನು ಇರಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ನಡೆದಿದೆ. 1902ರ ಕಾಯಿದೆಯಲ್ಲಿ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬಂದವು. 1926ರಲ್ಲಿ ತಾಲ್ಲೂಕು ಬೋರ್ಡನ್ನು ರದ್ದುಪಡಿಸಿ ಗ್ರಾಮ ಮತ್ತು ಜಿಲ್ಲೆಗಳನ್ನು ಮಾತ್ರ ಉಳಿಸಿಕೊಂಡರು. ಬಲವಂತರಾಯ್ ಮೆಹತಾ ಸಮಿತಿ 1957ರಲ್ಲಿ ನಡುವಣ ಹಂತವೇ ಪ್ರಧಾನವಾಗಬೇಕೆಂದಿತು. 1959ರ ಕಾಯಿದೆಯಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿ ಮತ್ತೆ ಹುಟ್ಟಿತು. ಅಶೋಕ್ ಮೆಹತಾ ಸಮಿತಿ 1978ರಲ್ಲಿ ಜಿಲ್ಲೆ ಮತ್ತು ಮಂಡಲ ಎಂಬ ಎರಡೇ ಹಂತ ಸಾಕೆಂದಿತು. ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ರೂಪಿಸಿದ 1983ರ ಕಾಯಿದೆ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಬಲ ಕೊಟ್ಟು, ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯ ಸಮನ್ವಯ ಸಮಿತಿಯೊಂದನ್ನು ಮಾತ್ರ ಉಳಿಸಿತು. ಆ ಕಾಯಿದೆಯಂತೆ 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. ಸಂವಿಧಾನದ 73ನೆಯ ತಿದ್ದುಪಡಿ ಇಪ್ಪತ್ತು ಲಕ್ಷ ಮೀರಿದ ಜನಸಂಖ್ಯೆಯುಳ್ಳ ರಾಜ್ಯಗಳಿಗೆಲ್ಲ ನಡುವಣ ಹಂತವನ್ನು ಕಡ್ಡಾಯಗೊಳಿಸಿದ್ದರಿಂದ 1993ರಲ್ಲಿ ನೇರ ಚುನಾವಣೆಯ ತಾಲ್ಲೂಕು ಪಂಚಾಯಿತಿ ಬಂದಿತು. ಒಂದೇ ಶತಮಾನದಲ್ಲಿ ಹುಟ್ಟು, ಅಳಿವು, ಮರುಹುಟ್ಟು, ಕುಗ್ಗುವಿಕೆ, ಮತ್ತೊಮ್ಮೆ ಹುಟ್ಟು: ಬೇರಾವ ಹಂತಕ್ಕೂ ಈ ಪಾಡು ಬಂದಿಲ್ಲ.

ಪಟ್ಟಿ ಮತ್ತು ಹಣ

ಸಂವಿಧಾನದ ಹನ್ನೊಂದನೆಯ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಯಾವುದು ಯಾವ ಹಂತದ್ದೆಂದು ಅದು ಹೇಳುವುದಿಲ್ಲ. ಕರ್ನಾಟಕದ ಅಧಿನಿಯಮ ಮೂರು ಹಂತಗಳಿಗೆ ಮೂರು ಅನುಸೂಚಿಗಳನ್ನು ಕೊಟ್ಟಿದೆ. ಆದರೆ ಕೃಷಿ, ಪಶುಸಂಗೋಪನೆ, ಶಿಕ್ಷಣ ಮೊದಲಾದ ವಿಷಯಗಳು ಮೂರರಲ್ಲಿಯೂ ಮರುಕಳಿಸುತ್ತವೆ. ಒಂದೇ ಶಾಲೆಯ ವಿಚಾರ ಮೂರು ಪಟ್ಟಿಗಳಲ್ಲಿ ಬರುವಾಗ, ಸೂರು ಸೋರಿದರೆ ಯಾರನ್ನು ಕೇಳಬೇಕೆಂಬುದು ಪಾಲಕರಿಗೆ ತಿಳಿಯುವುದಿಲ್ಲ. ತೆರಿಗೆ ಹಾಕುವ ಅಧಿಕಾರ ಮುಖ್ಯವಾಗಿ ಗ್ರಾಮ ಪಂಚಾಯಿತಿಗೆ ಇದೆ. ಮೇಲಿನ ಎರಡು ಹಂತಗಳು ಬಹುಮಟ್ಟಿಗೆ ಸರ್ಕಾರದ ಅನುದಾನವನ್ನೇ ನಂಬಿವೆ. ಆ ಅನುದಾನದ ಹೆಚ್ಚಿನ ಭಾಗ ಸಂಬಳಕ್ಕೂ ಮೊದಲೇ ಗೊತ್ತುಪಡಿಸಿದ ಯೋಜನೆಗಳಿಗೂ ಹೋಗುತ್ತದೆ. ಜಿಲ್ಲೆಗೆ ಗಾತ್ರದ ಬಲವಿದೆ, ಗ್ರಾಮಕ್ಕೆ ಸಾಮೀಪ್ಯದ ಬಲವಿದೆ. ತಾಲ್ಲೂಕಿಗೆ ಇವೆರಡೂ ಇಲ್ಲ, ಸ್ವಂತ ಆದಾಯವೆಂದು ಹೇಳಿಕೊಳ್ಳುವಂಥದ್ದೂ ಇಲ್ಲ.

1368ರ ಕಲ್ಲಿನೊಡನೆ ಇದನ್ನು ಹೋಲಿಸಿದಾಗ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕಲ್ಲು ಹೇಳುವುದು ವಿಷಯವನ್ನಲ್ಲ, ಕೆಲಸವನ್ನು. ‘ದೇವಾಲಯ ರಕ್ಷಣೆ’ ಎಂಬ ಶೀರ್ಷಿಕೆಯಡಿ ಎಲ್ಲ ಹಂತಗಳನ್ನೂ ಸೇರಿಸಿ ಅದು ಸುಮ್ಮನಾಗಲಿಲ್ಲ. ಇಪ್ಪತ್ತು ಆಳು, ಬಾಗಿಲಿಗೆ ಒಂದು ಹಣ, ಎತ್ತುವವನು ಇಂಥವನು ಎಂದಿತು. ನಾಡಿನ ಹಂತ ಅಂದು ಬಾಳಿದ್ದು ಹಳೆಯದೆಂಬ ಗೌರವದಿಂದಲ್ಲ. ಅದಕ್ಕೆ ಊರೂ ಮಾಡಲಾಗದ, ಅರಸನೂ ಮಾಡಲಾಗದ ಕೆಲಸವಿತ್ತು. ಆ ಕೆಲಸಕ್ಕೆ ಗೊತ್ತಾದ ಆದಾಯವಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಅಂದಿನ ನಾಡು ಪ್ರಜಾಪ್ರಭುತ್ವವಾಗಿತ್ತೆಂದು ಅರ್ಥವಲ್ಲ. ನಾಡಿನ ಕೂಟದಲ್ಲಿ ಮಾತು ನಡೆಯುತ್ತಿದ್ದದ್ದು ಭೂಮಿಯುಳ್ಳ ಗಾವುಂಡುಗಳದು, ವರ್ತಕರದು, ಮಹಾಜನರದು. ಹೊಲದಲ್ಲಿ ದುಡಿದವರ ದನಿ ಶಾಸನಗಳಲ್ಲಿ ಕೇಳುವುದಿಲ್ಲ. ಜಕ್ಕಿಯಬ್ಬೆ ನಾಳ್ಗಾವುಂಡಿಯಾದದ್ದು ಗಂಡನ ಪದವಿಯ ಉತ್ತರಾಧಿಕಾರಿಯಾಗಿ. 1983ರ ಕಾಯಿದೆ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 1993ರಲ್ಲಿ ಅದು ಮೂರನೆಯ ಒಂದಕ್ಕೆ, 2010ರ ತಿದ್ದುಪಡಿಯಿಂದ ಅರ್ಧಕ್ಕೆ ಏರಿತು. ಇಂದು ಆಯ್ಕೆಯಾಗಿ ಬರುವ ಹೆಣ್ಣುಮಗಳು ಯಾರ ಹೆಂಡತಿಯೆಂಬ ಕಾರಣಕ್ಕೂ ಆ ಪೀಠದಲ್ಲಿ ಕೂರಬೇಕಾಗಿಲ್ಲ. ಈ ಗಳಿಕೆ ಯಾವ ಶಾಸನಕಾಲದ ವೈಭವಕ್ಕಿಂತಲೂ ದೊಡ್ಡದು. ಅದಕ್ಕಾಗಿಯೇ ಚುನಾವಣೆ ನಡೆಸದೆ ವರ್ಷಗಳನ್ನು ಕಳೆಯುವುದು ಸಣ್ಣ ಸಂಗತಿಯಲ್ಲ. ಅರ್ಹತೆಯಿಂದ ಬರಬಹುದಾಗಿದ್ದ ಸಾವಿರಾರು ಮಂದಿಗೆ ಆ ಅವಧಿಯಲ್ಲಿ ಬಾಗಿಲು ಮುಚ್ಚಿತು, ಅವರ ಪೀಠದಲ್ಲಿ ಮತ್ತೆ ಅಧಿಕಾರಿ ಕುಳಿತನು. ನಾಡಿನ ಕೂಟ ಹೋಗಿ ನಾಡಿನ ಅಧಿಕಾರಿ ಉಳಿದ ಹಳೆಯ ಕಥೆಯೇ ಇಲ್ಲಿ ಮರುಕಳಿಸಿದೆ.

ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಿಂದ ಒಂದೇ ನಾಡನ್ನು, ಉದಾಹರಣೆಗೆ ನಾಗರಖಂಡವನ್ನೋ ಜಿಡ್ಡುಳಿಗೆಯನ್ನೋ, ಆರಿಸಿಕೊಳ್ಳಬೇಕು. ಅಲ್ಲಿನ ದಾನಶಾಸನಗಳಲ್ಲಿ ಯಾರು ಯಾವ ಆದಾಯವನ್ನು ಬಿಟ್ಟರು, ಯಾರನ್ನು ಕಾಯುವವರೆಂದು ಹೆಸರಿಸಿದರು ಎಂಬ ಎರಡೇ ಅಂಶಗಳನ್ನು ಕಾಲಾನುಕ್ರಮದಲ್ಲಿ ಪಟ್ಟಿ ಮಾಡಬೇಕು. ನಾಡಿನ ಕೂಟ ಯಾವ ದಶಕಗಳಲ್ಲಿ ಗಟ್ಟಿಯಾಗಿತ್ತು, ಯಾವಾಗ ಅದರ ಹೆಸರು ಶಾಸನಗಳಿಂದ ಜಾರಿತು ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಪ್ರಶಸ್ತಿಯ ಪದ್ಯಗಳು ಅರಸನನ್ನು ತಿಳಿಸುತ್ತವೆ. ಗಾಣದ ಎಣ್ಣೆಯ ಲೆಕ್ಕ ತಿಳಿಸುವುದು ನಾಡನ್ನು.